ಗುಡ್ಡಕ್ಕಿಳಿದ ನೀರು ಎಲ್ಲಿಂದ ಹೊರಬರಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರ ಬಂದಂತೆ ಗುಡ್ಡ, ತೋಟ, ಬೆಟ್ಟ, ಹೊಳೆಯ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮಣ್ಣು ಮತ್ತು ನೀರಿನ ಸಂರಕ್ಷಣೆ, ಭೂವಿಜ್ಞಾನ, ಅರಣ್ಯ ಬಲ್ಲವರು ಕೂತು ಬರೆದ ಉತ್ತರಗಳಿವು.

ಮನೆ ಹಿಂದೆ ಹದಿನೈದು ಅಡಿ ಎತ್ತರದ ಬರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಇದೆ. ಮನೆ ಕಟ್ಟುವಾಗ ಜೆಸಿಬಿಯಲ್ಲಿ ನೆಟ್ಟಗೆ ಕಡಿಸಿದ್ದು. ಹೋದ ಮಳೆಗಾಲದಲ್ಲಿ ಬರೆಯ ತಲೆಯ ಮೇಲೆ ಬಿರುಕು ಬಿಟ್ಟಿದೆ. ಕಲ್ಲಿನ ತಡೆಗೋಡೆ ಕಟ್ಟಿಸಿದರೆ ಸಾಕೆ?
– ಮಡಿಕೇರಿ ತಾಲ್ಲೂಕಿನ ಓದುಗರು

ಸಾಲದು. ನೀರು ಹೊರಹೋಗಲು ದಾರಿ ಬಿಡದೆ ಕಟ್ಟಿದ ಗೋಡೆ ಇಲ್ಲದ ಗೋಡೆಗಿಂತ ಅಪಾಯ. ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದವನ್ನೂ ನೀರೊಂದೇ ಸುಮಾರು ನಾಲ್ಕೂವರೆ ಟನ್ ಬಲದಿಂದ ನೂಕುತ್ತದೆ. ಮಣ್ಣಿನ ಒತ್ತಡ ಅದರ ಮೇಲೆ ಬೇರೆ. ಮಲೆನಾಡಿನಲ್ಲಿ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಬೀಳುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹಾಗಾಗಿ ಕೆಲಸ ಮೇಲಿನಿಂದ ಕೆಳಕ್ಕೆ ಬರಬೇಕು. ಮೊದಲು ಬಿರುಕು. ಅದರೊಳಗೆ ಮಳೆನೀರು ನೇರ ಇಳಿಯದಂತೆ ಜಿಗುಟು ಮಣ್ಣನ್ನು ಸ್ವಲ್ಪ ಸ್ವಲ್ಪವೇ ತುಂಬಿ, ಹಾರೆಯ ಹಿಂಬದಿಯಿಂದ ದಮ್ಮಸು ಮಾಡಿ, ಮೇಲೆ ಟರ್ಪಾಲು ಹೊದಿಸಿ ಅಂಚಿಗೆ ಮರಳಿನ ಚೀಲ ಇಡಿ. ಸಿಮೆಂಟ್ ಸುರಿಯಬೇಡಿ. ಮಣ್ಣು ಕದಲಿದಾಗ ಸಿಮೆಂಟು ಬೇರೆಯಾಗಿ ಪಕ್ಕದಲ್ಲೇ ಹೊಸ ಸಂದು ತೆರೆದುಕೊಳ್ಳುತ್ತದೆ.

ಎರಡನೆಯದು ತಲೆಗಾಲುವೆ. ಬರೆಯ ಅಂಚಿನಿಂದ ಹತ್ತು–ಹದಿನೈದು ಅಡಿ ಹಿಂದೆ, ಬಿರುಕಿಗಿಂತಲೂ ಮೇಲೆ, ಅಡ್ಡಲಾಗಿ ಒಂದು ಚರಂಡಿ ಬೇಕು. ನೂರು ಅಡಿಗೆ ಒಂದು ಅಡಿ ಇಳಿಜಾರು ಇದ್ದರೆ ನೀರು ನಿಲ್ಲದೆ ಹರಿಯುತ್ತದೆ. ಒಳಮೈಗೆ ಕಲ್ಲು–ಗಾರೆಯೋ ದಪ್ಪ ಪ್ಲಾಸ್ಟಿಕ್ಕೋ ಇರಲೇಬೇಕು. ಬರೀ ಮಣ್ಣಿನ ಕಾಲುವೆ ತೋಡಿ ಬಿಟ್ಟರೆ ನೀವೇ ಗುಡ್ಡದ ಹೊಟ್ಟೆಗೆ ನೀರು ಕುಡಿಸಿದಂತೆ. ಕಾಲುವೆಯ ಬಾಯಿ ನೈಸರ್ಗಿಕ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಬೇಕು, ಪಕ್ಕದ ಮನೆಯವರ ಬರೆಯ ಮೇಲಕ್ಕಲ್ಲ.

ಮನೆಯ ನೀರನ್ನು ಹೆಚ್ಚಿನವರು ಮರೆಯುತ್ತಾರೆ. ಸಾವಿರ ಚದರಡಿ ಮಾಡಿನ (ಛಾವಣಿಯ) ಮೇಲೆ ದಿನಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಹದಿನೆಂಟು ಸಾವಿರ ಲೀಟರಿಗೂ ಮೇಲೆ ನೀರು. ಬರೆಯ ಮೇಲೂ ಮನೆಯಿದ್ದರೆ ಅಲ್ಲಿನ ಮಾಡಿನ ನೀರು, ಬಚ್ಚಲ ನೀರು, ಶೌಚಾಲಯದ ಇಂಗುಗುಂಡಿ, ಸೋರುವ ಟ್ಯಾಂಕು ಎಲ್ಲವನ್ನೂ ಒಮ್ಮೆ ನೋಡಿ ಬನ್ನಿ. ಪೈಪಿನಲ್ಲಿ ಕೆಳಗಿನ ತೋಡಿನವರೆಗೆ ಒಯ್ಯುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಆಮೇಲೆ ಬರೆ. ಮಳೆ ನಿಂತು ಮಣ್ಣು ಒಣಗಿದ ಮೇಲೆಯೇ ಅದಕ್ಕೆ ಕೈ ಹಾಕಿ. ಹದಿನೈದು ಅಡಿಯ ನೆಟ್ಟಗಿನ ಬರೆಯನ್ನು ಏಳೇಳು ಅಡಿಯ ಎರಡು ಮೆಟ್ಟಿಲು ಮಾಡಿ, ನಡುವೆ ನಾಲ್ಕೈದು ಅಡಿ ಅಗಲದ ಹಂತ ಬಿಡಿಸಿ, ಪ್ರತಿ ಮೆಟ್ಟಿಲಿನ ಮುಖವನ್ನು ಹಿಂದಕ್ಕೆ ವಾಲಿಸಬೇಕು. ಮಣ್ಣು ತೆಗೆಯುವುದು ಮೇಲಿನಿಂದಲೇ. ಬುಡದಿಂದ ಕೆರೆದು ತೆಗೆಯುವುದು ಜೆಸಿಬಿಗೆ ಸುಲಭ, ಜನ ಸಾಯುವುದೂ ಅಲ್ಲೇ. ತೆಗೆದ ಮಣ್ಣನ್ನು ಮನೆಯ ಕೆಳಗಿನ ಇಳಿಜಾರಿಗೆ ಸುರಿದರೆ ಮುಂದಿನ ಮಳೆಗೆ ಅದು ಕೆಸರಾಗಿ ಕೆಳಗಿನವರ ಗದ್ದೆಗೆ ಇಳಿಯುತ್ತದೆ.

ಗೋಡೆ ಕಟ್ಟುವುದೇ ಆದರೆ ಆರೇಳು ಅಡಿಗೊಂದರಂತೆ, ಒಂದರ ನೇರ ಮೇಲೆ ಇನ್ನೊಂದು ಬಾರದಂತೆ ಸಾಲುಸಾಲಾಗಿ, ಮೂರಿಂಚಿನ ಪೈಪುಗಳನ್ನು ಹೊರಕ್ಕೆ ಇಳಿಜಾರಾಗಿ ಇಡಿಸಿ. ಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ ತುಂಬಬೇಕು, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಪೈಪುಗಳೆಲ್ಲ ಮಣ್ಣು ಕಟ್ಟಿ ಕುರುಡಾಗುತ್ತವೆ. ಹತ್ತು ಅಡಿ ಮೀರಿದ ಗೋಡೆಯನ್ನು ಎಂಜಿನಿಯರ್ ಲೆಕ್ಕವಿಲ್ಲದೆ ಮೇಸ್ತ್ರಿಯ ಅಂದಾಜಿನ ಮೇಲೆ ಕಟ್ಟಿಸಬೇಡಿ.

ಇದೆಲ್ಲ ಮುಗಿಯುವವರೆಗೆ ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ತಲೆಗೆ ಮೊಳೆ ಬಡಿದು, ಮೊಳೆಯಿಂದ ಮೊಳೆಗೆ ದಿನಾ ಬೆಳಗ್ಗೆ ಅಳೆದು ಬರೆದಿಡಿ. ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದರೆ ಮನೆ ಬಿಡುವ ಹೊತ್ತು. ಬಾಗಿಲು ಇದ್ದಕ್ಕಿದ್ದಂತೆ ಕಚ್ಚಿಕೊಳ್ಳುವುದು, ಕಂಬ ವಾಲುವುದು, ಬರೆಯ ಬುಡದಲ್ಲಿ ಹೊಸ ಒರತೆ ಎದ್ದು ಕೆಂಪು ನೀರು ಬರುವುದು, ಜೋರು ಮಳೆಯಲ್ಲೇ ಹತ್ತಿರದ ತೋಡಿನ ನೀರು ಇಳಿದುಹೋಗುವುದು, ಈ ಯಾವುದನ್ನು ಕಂಡರೂ ಅಳತೆಗೆ ಕಾಯಬೇಡಿ. ತೋಡು ಬತ್ತಿದೆ ಎಂದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿದೆ ಎಂದರ್ಥ. ಓಡುವಾಗ ಇಳಿಜಾರಿನ ನೇರ ಕೆಳಕ್ಕಲ್ಲ, ಅಡ್ಡಕ್ಕೆ ಓಡಬೇಕು.

ನಮ್ಮ ಕಡೆ ಗುಡ್ಡವೆಲ್ಲ ಮುರಕಲ್ಲು (ಜಂಬಿಟ್ಟಿಗೆ). ಬಂಡೆಯಂತೆ ಗಟ್ಟಿ ಕಾಣುತ್ತದೆ. ಆದರೂ ಯಾಕೆ ಕುಸಿಯುತ್ತದೆ?
– ಕುಮಟಾದಿಂದ ಒಬ್ಬ ವಿದ್ಯಾರ್ಥಿನಿ

ಮುರಕಲ್ಲು ಗಟ್ಟಿ ಟೊಪ್ಪಿ ಮಾತ್ರ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶ ಮೇಲೆ ಉಳಿದು ಗಟ್ಟಿಯಾಗಿದೆ. ಅದರ ಮೈತುಂಬ ತೂತು, ನೀರು ಸರಾಗವಾಗಿ ಇಳಿಯುತ್ತದೆ. ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಪದರ ಸಿಗುತ್ತದಲ್ಲ, ಕರಾವಳಿಯವರು ಶೇಡಿ ಮಣ್ಣು ಎನ್ನುವುದು, ನೀರು ಬಂದು ನಿಲ್ಲುವುದು ಅಲ್ಲಿ. ಒಣಗಿದ ಶೇಡಿ ಗುದ್ದಲಿಗೆ ಬಗ್ಗದು. ಅದೇ ಮಣ್ಣಿನ ಮುಷ್ಟಿಯಷ್ಟು ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಅಂಚಿನಿಂದ ಉದುರತೊಡಗುತ್ತದೆ. ಗುಡ್ಡದೊಳಗೂ ಆಗುವುದು ಅದೇ, ಮೇಲಿನ ಟೊಪ್ಪಿಯ ಭಾರ ಹೊತ್ತುಕೊಂಡೇ.

ಬುಡ ಕಡಿಯದಿದ್ದರೆ ಇಂಥ ಗುಡ್ಡ ಬಹುಕಾಲ ನಿಲ್ಲುತ್ತದೆ. ಕೆಳಗಿನ ಮಣ್ಣೇ ಅದಕ್ಕೆ ಒತ್ತುಗಲ್ಲು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದು ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಕಡಿದಿದ್ದ ಗುಡ್ಡ. ಮಣ್ಣು ರಸ್ತೆ ದಾಟಿ ಗಂಗಾವಳಿ ಹೊಳೆಗೆ ನುಗ್ಗಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡದಿಂದ ದೂರವಿದ್ದೇವೆ, ಹೊಳೆ ನಡುವೆ ಇದೆ ಎಂಬ ಧೈರ್ಯವೂ ಅಲ್ಲಿ ಉಳಿಯಲಿಲ್ಲ.

ನಿಮ್ಮೂರಲ್ಲಿ ರಸ್ತೆಗೋ ಮನೆಗೋ ಗುಡ್ಡ ಕಡಿಯುವಾಗ ಬಿಳಿ–ಗುಲಾಬಿ ಪದರ ಕಂಡರೆ ಅಲ್ಲಿಗೆ ನಿಲ್ಲಿಸುವಂತೆ ಗ್ರಾಮ ಪಂಚಾಯಿತಿಗೆ ಬರೆದುಕೊಡಿ. ಪದರ ತೆರೆದೇ ಹೋಗಿದ್ದರೆ ಅದರ ಮೇಲೆ ಮಳೆನೀರು ಹರಿಯದಂತೆ ಮುಚ್ಚುವುದು ಮೊದಲ ಕೆಲಸ.

ಕಾಫಿ ತೋಟದಲ್ಲಿ ಎಕರೆಗೆ ಇನ್ನೂರು ಇಂಗುಗುಂಡಿ ತೋಡಿಸಬೇಕೆಂದಿದ್ದೇನೆ. ಕೆಲವರು ಇಂಗುಗುಂಡಿಯಿಂದಲೇ ಗುಡ್ಡ ಕುಸಿಯುತ್ತದೆ ಎನ್ನುತ್ತಾರೆ. ಯಾವುದು ಸರಿ?
– ಸೋಮವಾರಪೇಟೆ, ಮೂಡಿಗೆರೆಯಿಂದ ಬಂದ ಮೂರು ಪತ್ರಗಳು

ಎರಡೂ ಸರಿ, ಜಾಗ ಬೇರೆ ಬೇರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದಾಗ ಅಲ್ಲಿ ತೋಡಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಬಯಲುಸೀಮೆಗೆ ಜೀವ ಕೊಡುವ ಗುಂಡಿಯನ್ನು ಕಡಿದಾದ ಮಲೆಗೆ ಹಾಗೆಯೇ ಹೊತ್ತು ತರುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ನಾಲ್ಕು ಅಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ಹಿಡಿಯುವುದು ಸುಮಾರು 170 ಲೀಟರ್. ಇನ್ನೂರು ಗುಂಡಿಗೆ 34,000 ಲೀಟರ್. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. ಅಂದರೆ ನಿಮ್ಮ ಇನ್ನೂರು ಗುಂಡಿಗಳ ಒಟ್ಟು ಹೊಟ್ಟೆ ಎಂಟೂವರೆ ಮಿಲಿಮೀಟರ್ ಮಳೆಗೆ ಸಮ. ಆಷಾಢದಲ್ಲಿ ಒಂದೇ ದಿನ 200 ಮಿಲಿಮೀಟರ್ ಸುರಿದರೆ ಎಕರೆಗೆ ಎಂಟು ಲಕ್ಷ ಲೀಟರ್. ಮೊದಲ ಅರ್ಧ ಗಂಟೆಯಲ್ಲೇ ಗುಂಡಿ ತುಂಬಬಹುದು, ಆಮೇಲೆ ಅವು ನೆರೆ ತಡೆಯುವುದಿಲ್ಲ. ಮಣ್ಣಿನ ಆಳಕ್ಕೆ ಎಡೆಬಿಡದೆ ನೀರು ಇಳಿಸುವ ಇನ್ನೂರು ಬಾಯಿಗಳಾಗಿ ಮಾತ್ರ ಉಳಿಯುತ್ತವೆ. ಸಮತಟ್ಟಿನಲ್ಲಿ ಅದು ಬಾವಿಗೆ ಒಳ್ಳೆಯದು. ಕಡಿದಾದಲ್ಲಿ ಮಣ್ಣಿಗೂ ಕೆಳಗಿನ ಬಂಡೆಗೂ ನಡುವೆ ನೀರು ನಿಂತು ಗುಡ್ಡದ ಹಿಡಿತ ಸಡಿಲವಾಗುತ್ತದೆ.

ಇಳಿಜಾರು ಅಳೆಯಲು ಯಂತ್ರ ಬೇಡ. ಹತ್ತು ಅಡಿ ಉದ್ದದ ನೇರ ಗಳು ತೆಗೆದುಕೊಳ್ಳಿ. ಒಂದು ತುದಿ ಮೇಲಿನ ನೆಲಕ್ಕೆ ತಾಗಿರಲಿ. ಗಳದ ಮೇಲೆ ಅರ್ಧ ನೀರು ತುಂಬಿದ ಬಾಟಲಿ ಮಲಗಿಸಿ ಮಟ್ಟ ನೋಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಡಿ ಎಂದು ಅಳೆಯಿರಿ. ಒಂದು ಅಡಿಯೊಳಗೆ ಇದ್ದರೆ ಗುಂಡಿ ಧಾರಾಳವಾಗಿ ತೋಡಿ. ಎರಡೂವರೆ ಅಡಿಯವರೆಗೆ ಇದ್ದರೆ ಕಾಫಿ ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಮೇಲಿನ ಸಾಲಿನ ಗುಂಡಿಯ ನೇರ ಕೆಳಗೆ ಗುಂಡಿ ಬಾರದಂತೆ ಚದುರಿಸಿ ತೊಟ್ಟಿಲು ಗುಂಡಿ (ತೊಟ್ಟಿಲಿನಂತೆ ಉದ್ದನೆಯ ಸಣ್ಣ ಗುಂಡಿ) ಮಾಡಬಹುದು. ಅದನ್ನೂ ಮೀರಿತೋ, ಗುದ್ದಲಿ ಕೆಳಗಿಡಿ. ಹಳೆಯ ಬಿರುಕು, ಬಾಗಿದ ಮರ, ಕೆಳಗೆ ಮನೆ ಅಥವಾ ಕಡಿದ ರಸ್ತೆ ಇದ್ದರೆ ಅಳತೆ ಎಷ್ಟೇ ಬಂದರೂ ಬೇಡ.

ತೊಟ್ಟಿಲು ಗುಂಡಿಗೆ ಹದವಾದ ಕಾಲ ಮಳೆಯ ಅಬ್ಬರ ಇಳಿದ ಮೇಲೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮಣ್ಣು ಮೆತ್ತಗಿರುತ್ತದೆ, ಹಿಂಗಾರಿನ ನೀರು ಹಿಡಿಯುತ್ತದೆ, ತರಗೆಲೆ ಬಿದ್ದು ಗೊಬ್ಬರವಾಗುತ್ತದೆ. ಮುಂಗಾರಿಗೆ ಮೊದಲು ಮೇಲಿನ ಸಾಲುಗಳ ಹಳೆ ಗುಂಡಿಗಳನ್ನು ತರಗು–ಮಣ್ಣಿನಿಂದ ಅರ್ಧ ತುಂಬಿಸಿಡಿ.

ಕಡಿದಾದ ಭಾಗಕ್ಕೆ ಏನು ಮಾಡುವುದು ಎಂದು ಮೂಡಿಗೆರೆಯವರು ಕೇಳಿದ್ದಾರೆ. ನೆಲ ಅಗೆಯಬೇಡಿ, ಕಳೆಯನ್ನು ಕತ್ತಿಯಲ್ಲಿ ಸವರಿ ಅಲ್ಲೇ ಹಾಸಿ, ತೋಡುಗಳ ಕಸ ತೆಗೆದು ಬಾಯಿ ಬಿಡಿಸಿ. ಕಳೆನಾಶಕ ಹೊಡೆದ ಬೋಳು ಮಣ್ಣು ಒಂದೇ ಮಳೆಗೆ ಮೇಲ್ಪದರ ಕಳೆದುಕೊಳ್ಳುತ್ತದೆ.

2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದಕ್ಕೆ ಕಾಫಿ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರ ಕಾರಣವೆ?
– ಮಾದಾಪುರ

ಅದೊಂದೇ ಅಲ್ಲ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಜಾರಿದ ಎಷ್ಟೋ ಕಡೆ ಮಣ್ಣು ಬೇರಿನ ಆಳಕ್ಕಿಂತ ಕೆಳಗಿನಿಂದಲೇ ಬಿಟ್ಟುಬಂದಿತ್ತು, ಅಲ್ಲಿ ಯಾವ ಮರವಿದ್ದರೂ ತಡೆಯುತ್ತಿರಲಿಲ್ಲ. ಆದರೆ ಒಂದು ಸಂಗತಿ ಗಮನಿಸಿ. ಸಿಲ್ವರ್ ಓಕ್‌ಗೆ ಜಾಗ ಮಾಡಲು ದೊಡ್ಡ ಹೊನ್ನೆ, ನಂದಿ, ಅತ್ತಿ ಮರ ಕಡಿದ ತಕ್ಷಣ ಮಣ್ಣಿನ ಹಿಡಿತ ತಪ್ಪುವುದಿಲ್ಲ. ಬೇರು ನಿಧಾನ ಕೊಳೆಯುತ್ತದೆ, ಹೊಸದಾಗಿ ನೆಟ್ಟ ಗಿಡದ ಬೇರು ಅಷ್ಟರಲ್ಲಿ ಬಲಿತಿರುವುದಿಲ್ಲ. ಕಡಿದ ಮೂರನೆಯ ವರ್ಷದಿಂದ ಸುಮಾರು ಹತ್ತು ವರ್ಷ ಆ ಜಾಗ ದುರ್ಬಲ. ನೆರಳು ಬದಲಿಸುವುದಿದ್ದರೆ ಮೊದಲು ಹೊಸ ಮರ ಎಬ್ಬಿಸಿ, ಹಳೆಯದನ್ನು ಒಂದೊಂದಾಗಿ ತೆಗೆಯಿರಿ. ಒಂದು ಇಳಿಜಾರಿನ ಮರವನ್ನೆಲ್ಲ ಒಂದೇ ವರ್ಷ ಕಡಿಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಕುಸಿದ ಜಾಗಕ್ಕೆ ಏನು ನೆಡುವುದು ಎಂದೂ ಇವರೇ ಕೇಳಿದ್ದಾರೆ. ಅಲ್ಲಿ ಈಗ ಮೇಲೆ ಇರುವುದು ಒಳಮಣ್ಣು, ಸಾರವಿಲ್ಲ. ಕಾಫಿ ನೆಟ್ಟರೆ ಹಳದಿಯಾಗಿ ಕೂರುತ್ತದೆ. ಬಿಸಿಲು ಚೆನ್ನಾಗಿ ಬೀಳುವುದರಿಂದ ಲಾವಂಚ ಹಿಡಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯಲ್ಲಿ ಸಾಲು ಎಳೆದು, ಗಿಡದಿಂದ ಗಿಡಕ್ಕೆ ನಾಲ್ಕರಿಂದ ಆರು ಇಂಚು ಬಿಟ್ಟು ಕಂತು (ಬುಡದಿಂದ ಬೇರುಸಹಿತ ಸೀಳಿದ ಸಸಿ) ನೆಡಿ. ಒಂದು ಸಾಲಿನಿಂದ ಮುಂದಿನದಕ್ಕೆ ಎತ್ತರದಲ್ಲಿ ಮೂರಡಿ ವ್ಯತ್ಯಾಸ ಇರಲಿ. ನಡುವೆ ಕಂತು ಸತ್ತ ಜಾಗವನ್ನು ಅದೇ ಮಳೆಗಾಲದಲ್ಲಿ ತುಂಬಿ, ಒಂದು ಸಂದು ಬಿಟ್ಟರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಸಾಲುಗಳ ನಡುವೆ ಗ್ಲಿರಿಸೀಡಿಯಾ ಗೂಟ ಊರಿ. ಅಗಲ ಎಲೆಯ ಚಂದಕಲು ತಾನಾಗಿ ಎದ್ದರೆ ಕಳೆ ಎಂದು ಕಡಿಯಬೇಡಿ, ಬೋಳು ನೆಲಕ್ಕೆ ಮೊದಲು ಬರುವ ಮರ ಅದು. ಲಾವಂಚ ನೆರಳಲ್ಲಿ ಸೊರಗುತ್ತದೆ, ಮರ ಎದ್ದ ಮೇಲೆ ಅದು ಹಿಂದೆ ಸರಿದರೆ ಚಿಂತೆಯಿಲ್ಲ.

ಮಲಪ್ರಭೆಯ ನೆರೆ ಇಳಿದ ಮೇಲೆ ಹೊಲದಲ್ಲಿ ಎಲ್ಲೋ ಅರ್ಧ ಅಡಿ, ಎಲ್ಲೋ ಒಂದೂವರೆ ಅಡಿ ಮರಳು ಕೂತಿತ್ತು. ಉತ್ತು ಬಿತ್ತಿದರೆ ಗೋವಿನಜೋಳ ಏಳಲಿಲ್ಲ, ಎಲೆ ನೇರಳೆ ಬಣ್ಣಕ್ಕೆ ತಿರುಗಿತು.
– ಬಾಗಲಕೋಟೆ ಜಿಲ್ಲೆಯ ರೈತರು

ಇಲ್ಲಿ ಎರಡು ಕಾಯಿಲೆ ಇವೆ. ಮೊದಲನೆಯದು ಪದರ. ಎರೆ ಮಣ್ಣಿನ ಮೇಲೆ ಮರಳು ಹಾಗೆಯೇ ಕೂತರೆ ಮೇಲಿನದು ಒಣಗುತ್ತದೆ, ಕೆಳಗಿನದು ಉಸಿರುಗಟ್ಟುತ್ತದೆ, ಬೇರು ಗಡಿಯಲ್ಲೇ ಅಡ್ಡ ತಿರುಗುತ್ತದೆ. ಹಾಗಾಗಿ ಉಳುಮೆಗೆ ಮೊದಲು ಹೊಲವಿಡೀ ಅಡ್ಡಾಡಿ, ಇಪ್ಪತ್ತು ಹೆಜ್ಜೆಗೊಂದು ಕಡೆ ಗುದ್ದಲಿ ಹಾಕಿ ಆಳ ಗುರುತಿಸಿ. ಎರಡಿಂಚಿನೊಳಗೆ ಇದ್ದರೆ ಎಂದಿನ ಉಳುಮೆ ಸಾಕು. ಎಂಟಿಂಚಿನವರೆಗೆ ಇದ್ದರೆ ರೆಕ್ಕೆ ನೇಗಿಲಿನಿಂದ ಮರಳಿನ ದಪ್ಪದ ಎರಡರಷ್ಟು ಆಳ ಉತ್ತು ಕೆಳಗಿನ ಎರೆಯನ್ನು ಮೇಲೆ ತಂದು ಬೆರೆಸಬೇಕು, ಬರೀ ಕುಂಟೆ ಹೊಡೆದರೆ ಪ್ರಯೋಜನವಿಲ್ಲ. ಅದಕ್ಕಿಂತ ದಪ್ಪ ಕೂತ ಕಡೆಯಿಂದ ಮೊದಲು ಎಳೆದು ತೆಳುವಾದ ಕಡೆ ಹರಡಿ, ಆಮೇಲೆ ಉಳುಮೆ ಮಾಡಿ. ಎರಡು ಅಡಿ ಮೀರಿದ್ದನ್ನು ಹೊರಗೆ ಸಾಗಿಸುವುದೇ ಸರಿ. ನುಣ್ಣನೆ ಮೆಕ್ಕಲು ಕೂತಿದ್ದರೆ ತೆಗೆಯಲೇಬೇಡಿ, ಹೊಳೆ ಕೊಟ್ಟ ಗೊಬ್ಬರ ಅದು. ಭತ್ತದ ಗದ್ದೆಯಾದರೆ ಮರಳು ಬೆರೆಸುವ ಮಾತೇ ಬೇರೆ, ಕೆಸರಿನ ಗಟ್ಟಿ ತಳ ಒಡೆದು ನೀರು ನಿಲ್ಲದಂತಾಗುತ್ತದೆ. ಅಲ್ಲಿ ಆದಷ್ಟು ಕೆರೆದು ತೆಗೆಯಬೇಕು.

ನೇರಳೆ ಎಲೆ ಎರಡನೆಯ ಕಾಯಿಲೆ. ವಾರಗಟ್ಟಲೆ ನೀರು ನಿಂತ ಹೊಲದಲ್ಲಿ, ಬೇರಿಗೆ ಅಂಟಿಕೊಂಡು ರಂಜಕವನ್ನು ಎಳೆದುಕೊಡುವ ಶಿಲೀಂಧ್ರ ಸೊರಗುತ್ತದೆ. ಮಣ್ಣಿನಲ್ಲಿ ರಂಜಕ ಇದ್ದರೂ ಎಳೆ ಬೇರಿಗೆ ಸಿಗದು. ಗೋವಿನಜೋಳಕ್ಕೆ ಈ ಶಿಲೀಂಧ್ರದ ಆಸರೆ ಬಹಳ ಬೇಕು. ನೆರೆಯ ಮರುಹಂಗಾಮಿಗೆ ರಂಜಕವಿರುವ ಡಿಎಪಿ ಗೊಬ್ಬರವನ್ನು ಎರಚದೆ, ಬೀಜದ ಸಾಲಿನಿಂದ ಎರಡಿಂಚು ಪಕ್ಕಕ್ಕೆ, ಎರಡಿಂಚು ಕೆಳಗೆ ಬೀಳುವಂತೆ ಕೂರಿಗೆಯಲ್ಲಿ ಬಿಡಿ. ಬೀಜಕ್ಕೇ ತಾಗಿದರೆ ಮೊಳಕೆ ಸುಡುತ್ತದೆ. ನೆಲವನ್ನು ಖಾಲಿ ಬಿಡುವ ಬದಲು ನಡುವೆ ಸೆಣಬು ಬೆಳೆಸಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಶಿಲೀಂಧ್ರ ಬೇಗ ಮರಳುತ್ತದೆ.

ತೋಟಕ್ಕೆ ಸೊಪ್ಪು, ತರಗೆಲೆ ತರುವ ನಮ್ಮ ಸೊಪ್ಪಿನ ಬೆಟ್ಟಕ್ಕೆ ಬೇಸಿಗೆಯಲ್ಲಿ ಬೆಂಕಿ ಬಿತ್ತು. ಮರಗಳು ಹೆಚ್ಚು ಸತ್ತಿಲ್ಲ. ಆದರೆ ಬೆಟ್ಟದ ಕೆಳಗಿನ ಅಬ್ಬಿ (ದಬ್ಬೆಯಿಂದ ಬೀಳುವ ಒರತೆ) ನೀರು ಮರುವರ್ಷ ಫೆಬ್ರವರಿಗೇ ಕಡಿಮೆಯಾಯಿತು. ಸಂಬಂಧವಿದೆಯೆ?
– ಸಿದ್ದಾಪುರ, ಉತ್ತರ ಕನ್ನಡ

ಇದೆ. ಸುಟ್ಟದ್ದು ಮರವಲ್ಲ, ದರಕು. ಮರದಡಿ ನಾಲ್ಕಾರು ಇಂಚು ದಪ್ಪ ಬಿದ್ದಿರುವ ಒಣಎಲೆ ಮಳೆಹನಿಯ ಪೆಟ್ಟು ತಿಂದು ನೀರನ್ನು ಮೆಲ್ಲಗೆ ಇಳಿಸುತ್ತದೆ. ಅದು ಹೋದರೆ ಮೊದಲ ಮಳೆಯ ಹನಿ ಬೋಳು ಮಣ್ಣಿಗೇ ಬೀಳುತ್ತದೆ, ಬೂದಿ ಮತ್ತು ನುಣ್ಣನೆ ಮಣ್ಣು ಸೇರಿ ನೆಲದ ರಂಧ್ರ ಮುಚ್ಚಿ ಹೆಪ್ಪುಗಟ್ಟುತ್ತದೆ. ನೀರು ಮೇಲೆ ಮೇಲೆ ಓಡಿ ಹಳ್ಳ ಸೇರುತ್ತದೆ. ಬೆಂಕಿಯಿಲ್ಲದೆಯೂ ಇದೇ ಆಗುತ್ತದೆ, ವರ್ಷವೂ ದರಕನ್ನು ಕಸಬರಿಗೆಯಲ್ಲಿ ಗುಡಿಸಿದಂತೆ ಕೊನೆಯ ಎಲೆಯವರೆಗೆ ಒಟ್ಟಿದರೆ. ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದು ಪಾಲಿಗೆ ಕೈ ಹಾಕಬೇಡಿ. ಉಳಿದೆಡೆಯೂ ಮಣ್ಣು ಕಾಣದಷ್ಟು ಎಲೆ ಬಿಟ್ಟು ತನ್ನಿ.

ಸುಟ್ಟ ಬೆಟ್ಟದಲ್ಲಿ ಬಿದ್ದ ಕೊಂಬೆ, ದಿಮ್ಮಿಗಳನ್ನು ಸೌದೆಗೆ ಸಾಗಿಸದೆ ಇಳಿಜಾರಿಗೆ ಅಡ್ಡಲಾಗಿ, ನೆಲಕ್ಕೆ ಪೂರ್ತಿ ತಾಗುವಂತೆ ಮಲಗಿಸಿ. ಕೆಳಗೆ ಸಂದು ಉಳಿದರೆ ನೀರು ಅಲ್ಲೇ ಕೊರೆಯುತ್ತದೆ. ಗಿಡ ನೆಡಲು ಅವಸರ ಬೇಡ. ಮತ್ತಿ, ಹೊನ್ನೆ, ಕವಲು ಬುಡದಿಂದ ಚಿಗುರುತ್ತವೆ. ಒಂದು ಮಳೆಗಾಲ ಕಾದು, ಚಿಗುರದ ಜಾಗಕ್ಕೆ ಮಾತ್ರ ನೆಡಿ. ದನ ಒಳಗೆ ಬಿಡಬೇಡಿ, ಮೊದಲ ಚಿಗುರೇ ಅವಕ್ಕೆ ಇಷ್ಟ.

ಬೆಂಕಿಯ ನಂತರ ಲಂಟಾನ, ಯುಪಟೋರಿಯಂ ಕಳೆಪೊದೆಗಳು ಮುಂಚೆಗಿಂತ ಒತ್ತಾಗಿ ಬರುತ್ತವೆ, ಒಣಗಿ ಮುಂದಿನ ಬೆಂಕಿಗೆ ಸೌದೆಯಾಗುತ್ತವೆ. ಬಂಡೀಪುರದಲ್ಲಿ 2019ರ ಫೆಬ್ರವರಿಯ ಬೆಂಕಿ ಅಷ್ಟು ವೇಗವಾಗಿ ಹರಡಲು ಒಣ ಲಂಟಾನವೂ ಒತ್ತಾಸೆಯಾಗಿತ್ತು. ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಮಣ್ಣು ಸರಿಸಿ, ನೆಲದಿಂದ ಎರಡಿಂಚು ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಬುಡಮೇಲಾಗಿ ಅಲ್ಲೇ ಒಣಗಿಸಿ. ಚಿಗುರುವ ಗಂಟು ಆ ಎರಡಿಂಚಿನೊಳಗೇ ಇರುವುದು. ಕಾಯಿ ಕಟ್ಟುವ ಮೊದಲೇ ಈ ಕೆಲಸ ಆಗಬೇಕು, ಮತ್ತೆ ಎರಡು ವರ್ಷ ಬೀಜದಿಂದ ಎದ್ದ ಸಸಿಗಳನ್ನು ಮಳೆಗಾಲದಲ್ಲಿ ಕೈಯಿಂದ ಕೀಳಬೇಕು.

ಜನವರಿ ಮುಗಿಯುವ ಮೊದಲು ರಸ್ತೆಯ ಕಡೆ ಮತ್ತು ಹುಲ್ಲುಗಾವಲಿನ ಕಡೆ ಹತ್ತು–ಹದಿನೈದು ಅಡಿ ಅಗಲ ದರಕು ಸರಿಸಿ ಬೆಂಕಿ ರೇಖೆ ಮಾಡಿ. ಸರಿಸಿದ ದರಕನ್ನು ಅಂಚಿನಲ್ಲೇ ರಾಶಿ ಹಾಕದೆ ತೋಟಕ್ಕೆ ಒಯ್ಯಿರಿ. ಗಾಳಿ ಬೀಸಿದ ಮೇಲೆ ಮತ್ತೆ ಎಲೆ ಬಿದ್ದಿರುತ್ತದೆ, ಮಾರ್ಚ್‌ನಲ್ಲಿ ಇನ್ನೊಮ್ಮೆ ಗುಡಿಸಲೇಬೇಕು.

ಅಬ್ಬಿಯ ನೀರು ಮರಳುತ್ತಿದೆಯೇ ಎಂದು ತಿಳಿಯಲು ಹತ್ತು ಲೀಟರ್ ಕೊಡಪಾನವನ್ನು ದಬ್ಬೆಯ (ನೀರು ಹರಿಸಲು ಇಟ್ಟ ಸೀಳಿದ ಮರದ ದೋಣಿಯ) ಬಾಯಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಡಿಸೆಂಬರಿನಿಂದ ಮೇ ತನಕ ಪ್ರತಿ ತಿಂಗಳ ಒಂದನೇ ತಾರೀಕು ಬರೆದಿಡಿ. ಅದೇ ಜಾಗ, ಅದೇ ದಬ್ಬೆ, ತೋಟಕ್ಕೆ ನೀರು ಬಿಡುವ ಮುಂಚಿನ ಬೆಳಗಿನ ಹೊತ್ತು. ಮೂರು ವರ್ಷದ ಅಂಕಿ ಕೈಯಲ್ಲಿದ್ದರೆ ನಮಗೆ ಕಳಿಸಿ, ಬೆಟ್ಟದ ಯಾವ ಪಾಲಿಗೆ ಇನ್ನೂ ಎಲೆ ಬೇಕು ಎಂದು ಲೆಕ್ಕ ಹಾಕಿ ಹೇಳಬಹುದು.